ಹಳೇ ಲಾರಿಗೆ ಪಾರ್ಟ್ ಹುಡುಕೋ ಮುಂಚೆ

ಹಳೇ ಟ್ರಕ್ ಇಟ್ಟುಕೊಂಡವರಿಗೆ ಒಂದು ಮಾತು. ಅಂಗಡಿಯಲ್ಲಿ ಗಾಡಿ ಹೆಸರು, ಮಾಡೆಲ್ ವರ್ಷ ಹೇಳಿದರೆ 'ಇಲ್ಲ' ಅನ್ನೋ ಉತ್ತರವೇ ಜಾಸ್ತಿ. ಅದರ ಬದಲು ಬಿಚ್ಚಿದ ಪಾರ್ಟನ್ನು ಡೀಸೆಲ್‌ನಲ್ಲಿ ತೊಳೆದು, ವೈರ್ ಬ್ರಷ್‌ನಿಂದ ಉಜ್ಜಿ ನೋಡಿ. ಗ್ರೀಸ್ ಕೆಳಗೆ ಸಾಮಾನ್ಯವಾಗಿ ಪಾರ್ಟ್ ನಂಬರ್ ಕೂತಿರುತ್ತದೆ, ಅದನ್ನು ಹೇಳಿ ಕೇಳಿ.

ಬೇರಿಂಗ್ ಆದರೆ ಅರ್ಧ ಕೆಲಸ ಮುಗಿದಂತೆ. 6205 ಅಂತಿದ್ದರೆ ಒಳವ್ಯಾಸ 25, ಹೊರವ್ಯಾಸ 52, ದಪ್ಪ 15 ಮಿಲಿಮೀಟರ್. ಯಾವ ಕಂಪನಿಯದಾದರೂ ಅಳತೆ ಇದೇ. ಎಣ್ಣೆ ಸೋರದಂತೆ ತಡೆಯೋ ಆಯಿಲ್ ಸೀಲ್ ಮೇಲೂ ಸಾಮಾನ್ಯವಾಗಿ ಇದೇ ಮೂರು ಅಳತೆ ಇರುತ್ತವೆ. ಅಳಿಸಿಹೋಗಿದ್ದರೆ ವರ್ನಿಯರ್‌ನಿಂದ (ಸೂಕ್ಷ್ಮ ಅಳತೆಯ ಸಾಧನ) ಶಾಫ್ಟ್, ಸೀಲ್ ಕೂರುವ ಹೌಸಿಂಗ್ ಎರಡನ್ನೂ ಅಳೆಯಿರಿ. ಹಳೇ ಸೀಲನ್ನೇ ಅಳೆದರೆ ಮೋಸ ಹೋಗ್ತೀರಿ, ಅದು ಹಿಗ್ಗಿರಬಹುದು.

ಎಂಜಿನ್ ನಂಬರನ್ನೂ ಬರೆದಿಟ್ಟುಕೊಳ್ಳಿ. ಇಷ್ಟು ವರ್ಷದಲ್ಲಿ ಯಾರೋ ಬೇರೆ ಎಂಜಿನ್ ಕೂರಿಸಿರಬಹುದು, ಅಲ್ವಾ?

ಗೋದಾಮಿನಲ್ಲಿ ದಶಕಗಟ್ಟಲೆ ಬಿದ್ದಿದ್ದ 'ಹೊಸ' ಗೇರ್ ಸಿಕ್ಕರೆ ಖುಷಿಯಾಗಿ ತಗೊಳ್ಳಿ. ಬ್ರೇಕ್ ಹೋಸ್, ಬ್ರೇಕ್ ಸಿಲಿಂಡರ್ ಒಳಗಿನ ರಬ್ಬರ್ ಕಪ್ ಮಾತ್ರ ಬೇಡ. ಪ್ಯಾಕೆಟ್ ಒಡೆಯದಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ. ಬಗ್ಗಿಸಿದರೆ ಸಣ್ಣ ಬಿರುಕು ಕಾಣಬಹುದು.

ಹೊಸದು ಕೂರಿಸಿ ಗಾಡಿ ಓಡುವವರೆಗೂ ಹಳೇ ಪಾರ್ಟನ್ನು ಗುಜರಿಗೆ ಹಾಕಬೇಡಿ. ಏನೂ ಸಿಗದಿದ್ದರೆ ಹೊಸದನ್ನು ಕಡೆದುಕೊಡೋ ಲೇತ್‌ನವರಿಗೆ ಅದೇ ಮಾದರಿ.