ರಾತ್ರಿಯ ಹದಿನೈದು ನಿಮಿಷ: ದಿನದ ಲೆಕ್ಕವನ್ನು ದೇವರ ಮುಂದೆ ಒಪ್ಪಿಸುವ ಕ್ರಮ

ಮಂಗಳೂರಿನ ಪ್ರಾಟೆಸ್ಟೆಂಟ್ ಮನೆಯೊಂದರಲ್ಲಿ ಬೆಳೆದ ನನಗೆ ರಾತ್ರಿಯ ಕುಟುಂಬ ಪ್ರಾರ್ಥನೆ ಊಟದಷ್ಟೇ ಸಹಜವಾಗಿತ್ತು. ಒಂದು ಗೀತೆ, ಸತ್ಯವೇದದ ಒಂದು ಅಧ್ಯಾಯ, ಅಪ್ಪನ ಪ್ರಾರ್ಥನೆ, ಕೊನೆಗೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ. ತಪ್ಪುಗಳನ್ನು ಕ್ಷಮಿಸೆಂಬ ಬೇಡಿಕೆಯನ್ನು ಹೀಗೆ ಸಾವಿರಾರು ಸಲ ಹೇಳಿದ್ದರೂ ಯಾವ ತಪ್ಪು, ಯಾರ ವಿಷಯದಲ್ಲಿ ಎಂದು ನನ್ನನ್ನು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನಾನು ಪಾಪಿ ಎಂದು ಒಪ್ಪಿಕೊಳ್ಳುವುದು ಸುಲಭ. ಇಂದು ಬೆಳಿಗ್ಗೆ ಹತ್ತು ರೂಪಾಯಿಗಾಗಿ ಮೀನು ಮಾರುವ ಹೆಂಗಸಿನ ಮೇಲೆ ಕೂಗಾಡಿದೆ ಎಂದು ಒಪ್ಪಿಕೊಳ್ಳುವುದು ಕಷ್ಟ. ಈ ಎರಡನೆಯದನ್ನು ನನಗೆ ಕಲಿಸಿದ ಕ್ರಮವನ್ನು, ಮಾಡಿ ನೋಡಬಯಸುವವರಿಗಾಗಿ ಇಲ್ಲಿ ವಿವರಿಸುತ್ತೇನೆ.

ಕ್ರಮ ನನ್ನದಲ್ಲ, ನಮ್ಮ ಸಭೆಯದೂ ಅಲ್ಲ. ಜೆಸ್ವಿಟ್ ಎಂಬ ಕ್ಯಾಥೊಲಿಕ್ ಗುರುಗಳ ಸಂಘವನ್ನು ಕಟ್ಟಿದ ಇಗ್ನಾಷಿಯಸ್ ಲೊಯೋಲ ಬರೆದು, 1548ರಲ್ಲಿ ಪೋಪರ ಒಪ್ಪಿಗೆಯೊಂದಿಗೆ ಅಚ್ಚಾದ ಸಾಧನೆಯ ಕೈಪಿಡಿಯಲ್ಲಿ ಇದು ಐದು ಹೆಜ್ಜೆಗಳಾಗಿ ಬರುತ್ತದೆ: ಕೃತಜ್ಞತೆ ಸಲ್ಲಿಸುವುದು, ತಪ್ಪನ್ನು ಕಾಣುವ ಕೃಪೆಯನ್ನು ಬೇಡುವುದು, ದಿನವನ್ನು ಹೊತ್ತು ಹೊತ್ತಾಗಿ ಪರಿಶೀಲಿಸುವುದು, ಕ್ಷಮೆ ಕೇಳುವುದು, ತಿದ್ದಿಕೊಳ್ಳುವ ನಿರ್ಧಾರ ಮಾಡುವುದು. ಜೆಸ್ವಿಟ್ ಗುರುಗಳು 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು; ಆದ್ದರಿಂದ ಈ ಅಭ್ಯಾಸ ನಮ್ಮ ಊರಿಗೆ ಹೊಸದೇನಲ್ಲ. ಬಾಸೆಲ್ ಮಿಶನ್ ಎಂಬ ಪ್ರಾಟೆಸ್ಟೆಂಟ್ ಸಂಸ್ಥೆಯ ಪರಂಪರೆಯವರಾದ ನಾವು ಪಕ್ಕದ ಕ್ಯಾಥೊಲಿಕ್ ಮನೆಯ ತೇರ್ಸ್ ಎಂಬ ಜಪಮಾಲೆಯ ಪ್ರಾರ್ಥನೆಯನ್ನು ಬೇಲಿಯಾಚೆಯಿಂದ ಕೇಳುತ್ತ ಬೆಳೆದವರು. ಅವರ ಒಂದು ಒಳ್ಳೆಯ ಪದ್ಧತಿಯನ್ನು ಕಡ ತರುವುದಕ್ಕೆ ನಾನಂತೂ ಸಂಕೋಚಪಡಲಿಲ್ಲ.

ಮೊದಲು ಜಾಗ ಮತ್ತು ಹೊತ್ತು. ಹಾಸಿಗೆಯಲ್ಲಿ ಮಲಗಿ ಆರಂಭಿಸಿದರೆ ಎರಡನೆಯ ಹೆಜ್ಜೆಗೇ ನಿದ್ದೆ ಬರುತ್ತದೆ. ಕುರ್ಚಿಯಲ್ಲಿ ಕುಳಿತುಕೊಳ್ಳಿ, ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಕೃತಜ್ಞತೆಯನ್ನು ಹೇಳುವಾಗ 'ಎಲ್ಲ ಉಪಕಾರಗಳಿಗಾಗಿ ಸ್ತೋತ್ರ' ಎಂದು ಒಂದೇ ಮಾತಿನಲ್ಲಿ ಮುಗಿಸದೆ, ಆ ದಿನದ ಮೂರು ಸಂಗತಿಗಳನ್ನು ಹೆಸರಿಸಿ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಹುಡುಗನೂ ಅವುಗಳಲ್ಲಿ ಒಬ್ಬನಾಗಬಹುದು. ಬಳಿಕ, ದೇವರೇ ತನ್ನ ಹೃದಯವನ್ನು ಶೋಧಿಸಲಿ ಎಂದು ಕೇಳುವ 139ನೆಯ ಕೀರ್ತನೆಯ ಕೊನೆಯ ಎರಡು ವಚನಗಳನ್ನು ಓದಿದರೆ ಎರಡನೆಯ ಹೆಜ್ಜೆಗೆ ಅಷ್ಟು ಸಾಕು.

ಹೆಚ್ಚಿನ ಹೊತ್ತನ್ನು ಮೂರನೆಯ ಹೆಜ್ಜೆಗೆ ಕೊಡಬೇಕು. ದಿನವನ್ನು ಗಂಟೆಯ ಲೆಕ್ಕದಲ್ಲಿ ನೆನೆಯುವುದು ಕಷ್ಟವಾದರೆ ಜಾಗದ ಲೆಕ್ಕದಲ್ಲಿ ನೆನೆಯಿರಿ: ಅಡುಗೆಮನೆ, ರಸ್ತೆ, ಕಚೇರಿ, ಅಂಗಡಿ, ಮತ್ತೆ ಮನೆ. ವಾಟ್ಸಾಪ್‌ನಲ್ಲಿ ಯಾರಿಗೆ ಏನು ಬರೆದಿರಿ, ಯಾರ ವಿಷಯವನ್ನು ಯಾರಿಗೆ ದಾಟಿಸಿದಿರಿ ಎಂಬುದೂ ಈ ಸುತ್ತಿನಲ್ಲಿ ಸೇರಲಿ. ಪ್ರತಿಯೊಂದು ಜಾಗದಲ್ಲಿಯೂ ಒಂದೇ ಪ್ರಶ್ನೆ: ಇಲ್ಲಿ ನನ್ನಿಂದ ಯಾರಿಗೆ ನೋವಾಯಿತು, ಅಥವಾ ಯಾರಿಗೆ ಸಲ್ಲಬೇಕಾದದ್ದು ಸಲ್ಲಲಿಲ್ಲ? ಇತರರು ನಿಮಗೆ ಮಾಡಿದ ಅನ್ಯಾಯ ಈ ಹೊತ್ತಿನಲ್ಲಿ ಬಹಳ ಸ್ಪಷ್ಟವಾಗಿ ನೆನಪಿಗೆ ಬರುತ್ತದೆ. ಅದನ್ನು ಪಕ್ಕಕ್ಕಿಡಿ, ಏಕೆಂದರೆ ಇದು ಅವರ ಲೆಕ್ಕಪುಸ್ತಕವಲ್ಲ. ಕೊನೆಯಲ್ಲಿ ಉಳಿಯುವ ನಾಲ್ಕೈದು ಸಂಗತಿಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ. ನನ್ನ ಅನುಭವದಲ್ಲಿ, ಯಾವುದನ್ನು ನೆನೆಯುವಾಗ ಸಮರ್ಥನೆ ತಾನಾಗಿ ನಾಲಗೆಗೆ ಬರುತ್ತದೆಯೋ ಅದೇ ಆರಿಸಬೇಕಾದದ್ದು.

ದೇವರಲ್ಲಿ ಕ್ಷಮೆ ಕೇಳಿದರೆ ಕೆಲಸ ಮುಗಿಯಿತೆಂದು ತಿಳಿಯುವುದೇ ನಮ್ಮಂಥ ಭಕ್ತರ ದೊಡ್ಡ ಜಾಣತನ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಂದಿಗೆ ಒಂದಾಗಬೇಕೆಂದು ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿದೆ. ಅಲ್ಲಿ ಗಮನಿಸಬೇಕಾದದ್ದು, ನನಗೆ ಅವನ ಮೇಲೆ ಕೋಪವಿದ್ದರೆ ಎಂದಲ್ಲ, ಅವನಿಗೆ ನನ್ನ ವಿರುದ್ಧ ಏನಾದರೂ ಇದ್ದರೆ ಎಂಬ ಮಾತು. ಆದ್ದರಿಂದ ಐದನೆಯ ಹೆಜ್ಜೆಯ ನಿರ್ಧಾರ, ಮರುದಿನ ಮಧ್ಯಾಹ್ನದೊಳಗೆ ಮಾಡಿ ಮುಗಿಸಬಹುದಾದ ಒಂದು ಕೆಲಸವಾಗಿರಬೇಕು. ಹಣದ ವಿಷಯವಾದರೆ ಮೊದಲು ಹಣ, ಅನಂತರ ಮಾತು. ಲೂಕನ 19ನೆಯ ಅಧ್ಯಾಯದ ಸುಂಕದವನಾದ ಜಕ್ಕಾಯನು ಕಣ್ಣೀರಿಟ್ಟನೆಂದು ಎಲ್ಲಿಯೂ ಬರೆದಿಲ್ಲ. ವಂಚಿಸಿ ಪಡೆದದ್ದನ್ನು ನಾಲ್ಕರಷ್ಟಾಗಿ ಹಿಂದಿರುಗಿಸುತ್ತೇನೆಂದು ಅವನು ಹೇಳಿದ್ದು ಬರೆದಿದೆ.

ಕ್ಷಮೆ ಕೇಳುವ ವಾಕ್ಯದಲ್ಲಿ 'ಆದರೆ' ಎಂಬ ಪದ ಇರಕೂಡದು. 'ನಿನ್ನೆ ನಾನು ಜೋರಾಗಿ ಮಾತನಾಡಿದ್ದು ತಪ್ಪು, ಆದರೆ ನೀವೂ...' ಎಂದು ಆರಂಭಿಸಿದವನು ಕ್ಷಮೆ ಕೇಳಲು ಬಂದವನಲ್ಲ, ಜಗಳವನ್ನು ಮುಂದುವರಿಸಲು ಬಂದವನು. ಮಾಡಿದ್ದನ್ನು ಹೇಳಿ, ತಪ್ಪಾಯಿತೆಂದು ಹೇಳಿ, ಸುಮ್ಮನಾಗಿ. ಎದುರಿನವರು ಕ್ಷಮಿಸಲೇಬೇಕೆಂಬ ನಿಯಮವಿಲ್ಲ. ಮರುದಿನ ನಾನು ಆ ಮೀನಿನ ಬುಟ್ಟಿಯ ಮುಂದೆ ನಿಂತು, 'ನಿನ್ನೆ ನಾನು ಹಾಗೆ ಮಾತನಾಡಬಾರದಿತ್ತು, ಅಕ್ಕಾ' ಎಂದಾಗ ಆಕೆ ನನ್ನ ಮುಖವನ್ನೂ ನೋಡದೆ, 'ಬಂಗುಡೆ ಬೇಕಾ, ಬೇಡವಾ' ಎಂದು ಕೇಳಿದಳು. ನನಗೆ ಸಿಕ್ಕ ಉತ್ತರ ಅಷ್ಟೇ. ಬಂಗುಡೆಯನ್ನು ಆಕೆ ಹೇಳಿದ ಬೆಲೆಗೆ ಕೊಂಡು ಬಂದೆ.

ಹೋಗಕೂಡದ ಸಂದರ್ಭಗಳೂ ಇವೆ. ಹೊಡೆಯುವ ಗಂಡನ ಮನೆಗೆ ಹಿಂದಿರುಗುವುದನ್ನು ಅಥವಾ ಹಿಂಸಿಸಿದವರ ಎದುರು ಒಂಟಿಯಾಗಿ ನಿಲ್ಲುವುದನ್ನು ಕ್ಷಮೆಯ ಹೆಸರಿನಲ್ಲಿ ಯಾರೂ ಬೋಧಿಸಬಾರದು, ಸಭಾಪಾಲಕರಾದರೂ ಸರಿ. ಎದುರಿನವರಿಗೆ ಗೊತ್ತೇ ಇಲ್ಲದ ನಿಮ್ಮ ಮನಸ್ಸಿನ ಅಸೂಯೆಯನ್ನು ಅವರ ಮುಂದೆ ಸುರಿದು ಬರುವುದೂ ಬೇಡ. ಅದರಿಂದ ಹಗುರಾಗುವವರು ನೀವು, ಹೊರುವವರು ಅವರು.

ಒಂದೇ ತಪ್ಪು ಮತ್ತೆ ಮತ್ತೆ ಬರುತ್ತಿದ್ದರೆ ಇಗ್ನಾಷಿಯಸ್ ಹೇಳಿದ ಇನ್ನೊಂದು ಉಪಾಯವಿದೆ. ವಾರದ ಒಂದೊಂದು ದಿನಕ್ಕೂ ಎರಡೆರಡು ಗೆರೆಗಳನ್ನು ಎಳೆದು, ಮಧ್ಯಾಹ್ನದ ಊಟದ ಬಳಿಕ ಒಂದರ ಮೇಲೆ, ರಾತ್ರಿಯ ಊಟದ ಬಳಿಕ ಇನ್ನೊಂದರ ಮೇಲೆ, ಆ ತಪ್ಪು ಎಷ್ಟು ಸಲ ಆಯಿತೋ ಅಷ್ಟು ಚುಕ್ಕೆಗಳನ್ನು ಇಡುವುದು. ಬಳಿಕ ದಿನವನ್ನು ದಿನಕ್ಕೆ, ವಾರವನ್ನು ವಾರಕ್ಕೆ ಹೋಲಿಸುವುದು. ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಗುರುತಿಸುವ ನಮಗೆ ಇದು ಅಪರಿಚಿತವೇನಲ್ಲ. ಸಿಡುಕನ್ನು ಹೀಗೆ ಎಣಿಸಿದ ಮೊದಲ ವಾರದಲ್ಲಿ ನನಗೆ ತಿಳಿದದ್ದೆಂದರೆ, ಚುಕ್ಕೆಗಳೆಲ್ಲ ಬೆಳಗಿನ ಎಂಟರಿಂದ ಒಂಬತ್ತರ ನಡುವಿನವು. ಅರ್ಧ ಗಂಟೆ ಮೊದಲು ಏಳತೊಡಗಿದ ಮೇಲೆ ಅವು ಅರ್ಧಕ್ಕಿಳಿದವು; ಅದಕ್ಕೆ ಪ್ರಾರ್ಥನೆಯ ಜೊತೆಗೆ ಅಲಾರಮೂ ಬೇಕಾಯಿತು.

ಹದಿನೈದು ನಿಮಿಷವನ್ನು ಮೀರಬೇಡಿ. 1522ರಲ್ಲಿ ಮನ್ರೇಸಾ ಎಂಬ ಊರಿನಲ್ಲಿದ್ದಾಗ ಇಗ್ನಾಷಿಯಸ್ ಸ್ವತಃ, ಒಪ್ಪಿಕೊಂಡ ಪಾಪಗಳನ್ನೇ ಮತ್ತೆ ಮತ್ತೆ ಕೆದಕುತ್ತ ಸಾಯುವ ಯೋಚನೆಯವರೆಗೂ ಹೋಗಿದ್ದವರು. ತಪ್ಪಿತಸ್ಥ ಭಾವನೆ ನಿದ್ದೆಯನ್ನೇ ಕಸಿಯತೊಡಗಿದರೆ ಈ ಅಭ್ಯಾಸವನ್ನು ನಿಲ್ಲಿಸಿ, ಪಾದ್ರಿಯೊಂದಿಗೂ ವೈದ್ಯರೊಂದಿಗೂ ಮಾತನಾಡಿ. ನಡುವೆ ತಪ್ಪಿಹೋದ ರಾತ್ರಿಗಳ ಬಾಕಿಯನ್ನು ತೀರಿಸಲು ಹೋಗದೆ, ಅಂದಿನ ದಿನದಿಂದಲೇ ಆರಂಭಿಸಿದರಾಯಿತು. ಚುಕ್ಕೆಯ ಪುಸ್ತಕದಲ್ಲಿ ಯಾರ ಹೆಸರನ್ನೂ ಬರೆಯಬೇಡಿ, ಮಕ್ಕಳ ಕೈಗೆ ಸಿಗುವಲ್ಲಿ ಇಡಬೇಡಿ. ತುಂಬಿದ ಹಾಳೆಗಳನ್ನು ನಾನು ತಿಂಗಳಿಗೊಮ್ಮೆ, ಕರ್ತನ ಭೋಜನದ ಹಿಂದಿನ ಶನಿವಾರ, ಬಚ್ಚಲಿನ ಒಲೆಗೆ ಹಾಕುತ್ತೇನೆ.