ಅರ್ಜಿಯ ಫೋಟೋ ಡಿಸ್ಕ್ ಮುಟ್ಟದೆ ಸಣ್ಣದಾಗಲಿ

ಆನ್‌ಲೈನ್ ಅರ್ಜಿಗಳಲ್ಲಿ ‘ಫೋಟೋ 50 ಕೆಬಿ ಒಳಗಿರಲಿ’ ಎಂಬ ಷರತ್ತು ಸಾಮಾನ್ಯ. ಫೋನಿನಲ್ಲಿ ತೆಗೆದ ಫೋಟೋ ಮೂರು ನಾಲ್ಕು ಎಂಬಿ ಇರುತ್ತದೆ. ಅದನ್ನು ಕುಗ್ಗಿಸಿಕೊಡಿ ಎಂದು ಜನ ಅರ್ಜಿ ಕೇಂದ್ರಕ್ಕೆ ಬರುತ್ತಾರೆ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಇಂಥ ಕೇಂದ್ರಗಳಿಗೆ ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದುಕೊಡುವುದನ್ನು ನೋಡಿದ್ದೇನೆ. ಖುಷಿಯ ವಿಷಯ. ಆದರೆ ಬಹಳಷ್ಟು ಜನ ಬಂದ ಫೋಟೋವನ್ನು ಡಿಸ್ಕಿನಲ್ಲಿ ಸೇವ್ ಮಾಡುತ್ತಾರೆ. ಕುಗ್ಗಿಸಿ ಇನ್ನೊಂದು ಫೈಲಾಗಿ ಸೇವ್ ಮಾಡುತ್ತಾರೆ. ಅಳಿಸುವುದು ಮರೆತೇ ಹೋಗುತ್ತದೆ.

ಇದರಿಂದ ಎರಡು ತೊಂದರೆ. ಒಂದು, ಊರಿನವರ ಫೋಟೋ, ಆಧಾರ್, ಅಂಕಪಟ್ಟಿ ಎಲ್ಲ ಆ ಕಂಪ್ಯೂಟರಿನಲ್ಲಿ ಉಳಿಯುತ್ತವೆ. ಡಿಲೀಟ್ ಒತ್ತಿದರೂ, ಹಾರ್ಡ್ ಡಿಸ್ಕಿನ ಆ ಜಾಗದಲ್ಲಿ ಬೇರೆ ಡೇಟಾ ಬಂದು ಕೂರುವವರೆಗೆ ಅವನ್ನು ಮರಳಿ ತೆಗೆಯಬಹುದು. ಎರಡನೆಯದು ಇನ್ನೂ ಕೆಟ್ಟದ್ದು. ಕುಗ್ಗಿಸಿದ ಫೈಲಿಗೆ ಯಾವಾಗಲೂ ಒಂದೇ ಹೆಸರು ಕೊಟ್ಟಿರುತ್ತಾರೆ. ಇಬ್ಬರು ಒಟ್ಟಿಗೆ ಬಳಸಿದರೆ ಒಬ್ಬರ ಅರ್ಜಿಗೆ ಇನ್ನೊಬ್ಬರ ಮುಖ ಹೋಗುತ್ತದೆ.

ಫೈಲನ್ನು ಡಿಸ್ಕಿಗೆ ಹಾಕದೆ ಮೆಮೊರಿಯಲ್ಲೇ, ಅಂದರೆ ರ‍್ಯಾಮ್‌ನಲ್ಲೇ, ಇಟ್ಟು ಕೆಲಸ ಮುಗಿಸಿದರೆ ಈ ಎರಡೂ ಇರುವುದಿಲ್ಲ. ವೇಗ ಹೆಚ್ಚುತ್ತದೆ ಅಂತ ಮಾತ್ರ ಇದನ್ನು ಮಾಡಬೇಡಿ. ಈಗಷ್ಟೇ ಬರೆದ ಫೈಲನ್ನು ಆಪರೇಟಿಂಗ್ ಸಿಸ್ಟಂ ಹೇಗೂ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ, ಹಾಗಾಗಿ ಒಂದು ಫೋಟೋದಲ್ಲಿ ಅಂಥ ವ್ಯತ್ಯಾಸ ಕಾಣುವುದಿಲ್ಲ.

ಹಂತ 1. ಪೈಥಾನ್ ಜತೆಗೇ ಬರುವ ‘ಐಒ’ ಮಾಡ್ಯೂಲಿನಿಂದ ಬೈಟ್ಸ್‌ಐಒ ತಂದುಕೊಳ್ಳಿ. ಚಿತ್ರಗಳಿಗೆ ಪಿಲ್ಲೋ ಎಂಬ ಪೈಥಾನ್ ಲೈಬ್ರರಿ ಹಾಕಿಕೊಳ್ಳಿ. (ಈ ಹೆಸರುಗಳನ್ನು ಕೋಡಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು, ಗೊತ್ತೇ ಇದೆ.) ಬೈಟ್ಸ್‌ಐಒ ಎಂದರೆ ಮೆಮೊರಿಯಲ್ಲಿರುವ ಫೈಲ್. ಓದಬಹುದು, ಬರೆಯಬಹುದು, ಹೆಸರು ಮಾತ್ರ ಇರುವುದಿಲ್ಲ. ಇದರ ಜೋಡಿ ಸ್ಟ್ರಿಂಗ್‌ಐಒ ಬರೀ ಪಠ್ಯಕ್ಕೆ. ಫೋಟೋ, ಪಿಡಿಎಫ್, ಜಿಪ್‌ಗೆ ಬೈಟ್ಸ್‌ಐಒ ಒಂದೇ ದಾರಿ.

ಹಂತ 2. ಬಂದ ಫೋಟೋದ ಬೈಟುಗಳನ್ನು ಬೈಟ್ಸ್‌ಐಒಗೆ ಕೊಟ್ಟು ಪಿಲ್ಲೋದಲ್ಲಿ ತೆರೆಯಿರಿ. ತಕ್ಷಣ ಪಿಲ್ಲೋದ ‘ಥಂಬ್‌ನೇಲ್’ ಬಳಸಿ ಅಳತೆ ಇಳಿಸಿ. ಅರ್ಜಿಯಲ್ಲಿ ಅಳತೆ ಹೇಳಿರದಿದ್ದರೆ ಉದ್ದದ ಕಡೆ 600 ಪಿಕ್ಸೆಲ್ ಸಾಕು. ಇದನ್ನು ತಡ ಮಾಡಬೇಡಿ. 4000x3000 ಪಿಕ್ಸೆಲ್ ಫೋಟೋ ಫೈಲಾಗಿ 4 ಎಂಬಿ ಇರಬಹುದು, ಆದರೆ ಬಿಚ್ಚಿದಾಗ ಪ್ರತಿ ಪಿಕ್ಸೆಲ್‌ಗೆ 3 ಬೈಟ್‌ನಂತೆ 36 ಎಂಬಿ ಮೆಮೊರಿ ತಿನ್ನುತ್ತದೆ. ಪಿಎನ್‌ಜಿ ತಂದವರೂ ಇರುತ್ತಾರೆ, ಆದ್ದರಿಂದ ಪಾರದರ್ಶಕತೆ ಇಲ್ಲದ ಆರ್‌ಜಿಬಿ ಬಣ್ಣಕ್ಕೆ ಬದಲಿಸಿ. ಇಲ್ಲದಿದ್ದರೆ ಹಿನ್ನೆಲೆ ಪಾರದರ್ಶಕವಾಗಿರುವ ಚಿತ್ರವನ್ನು ಜೆಪೆಗ್ ಆಗಿ ಸೇವ್ ಮಾಡುವಾಗ ಎರರ್ ಬರುತ್ತದೆ.

ಹಂತ 3. ಎಲ್ಲರೂ ಎಡವುವುದು ಇಲ್ಲೇ, ನಿಧಾನವಾಗಿ ಓದಿ.

ಫೈಲಿಗೆ ಒಂದು ಪಾಯಿಂಟರ್ ಇರುತ್ತದೆ. ಎಷ್ಟು ಬರೆದಿರೋ ಅಷ್ಟು ಅದು ಮುಂದೆ ಸರಿದಿರುತ್ತದೆ. ಮಂಡಿಯ ಗುಮಾಸ್ತರು ಖಾತೆ ಪುಸ್ತಕದಲ್ಲಿ ಕೊನೆಯ ಸಾಲು ಬರೆದು ಅಲ್ಲೇ ಬೆರಳಿಟ್ಟು ‘ಇಲ್ಲಿಂದ ಮುಂದಕ್ಕೆ ಓದಿ’ ಎಂದರೆ ಓದಲು ಏನಿರುತ್ತದೆ? ಖಾಲಿ ಹಾಳೆ. ಬೈಟ್ಸ್‌ಐಒಗೆ ಬರೆದು, ಹಾಗೇ ‘ರೀಡ್’ ಎಂದರೂ ಅಷ್ಟೇ. ಎರರ್ ಬರುವುದಿಲ್ಲ, ಬರುವುದು ಸೊನ್ನೆ ಬೈಟ್. ಫ್ಲಾಸ್ಕ್‌ನಿಂದ (ಪೈಥಾನ್‌ನಲ್ಲಿ ವೆಬ್ ಪ್ರೋಗ್ರಾಂ ಬರೆಯುವ ಸಾಧನ) ಹಾಗೇ ಕಳಿಸಿದರೆ ಡೌನ್‌ಲೋಡ್ ಫೇಲ್ ಆಗುತ್ತದೆ ಅಥವಾ ಖಾಲಿ ಫೈಲ್ ಸಿಗುತ್ತದೆ. ಪಿಲ್ಲೋ ಸರಿಯಿಲ್ಲ, ಬ್ರೌಸರ್ ಸರಿಯಿಲ್ಲ ಎಂದು ಹುಡುಕುತ್ತಾ ಕೂರುವವರೇ ಜಾಸ್ತಿ. ಬೇಕಿದ್ದದ್ದು ಒಂದು ಸಾಲು, ಸೀಕ್(0). ಅದು ಪಾಯಿಂಟರನ್ನು ಮೊದಲಿಗೆ ತರುತ್ತದೆ. ‘ಗೆಟ್‌ವ್ಯಾಲ್ಯೂ’ಗೆ ಮಾತ್ರ ಇದು ಬೇಡ. ಪಾಯಿಂಟರ್ ಎಲ್ಲೇ ಇದ್ದರೂ ಅದು ಪೂರ್ತಿ ಕೊಡುತ್ತದೆ.

ಈಗ 50 ಕೆಬಿ ಲೆಕ್ಕ. ಜೆಪೆಗ್ ಕ್ವಾಲಿಟಿ 85ರಿಂದ ಶುರು ಮಾಡಿ, ಸೇವ್ ಮಾಡಿ, ಗಾತ್ರ ನೋಡಿ. ಜಾಸ್ತಿ ಇದ್ದರೆ 5 ಇಳಿಸಿ ಮತ್ತೆ ಸೇವ್ ಮಾಡಿ. ಮೆಮೊರಿಯಲ್ಲಿರುವ ಫೈಲಿಗೆ ಹೆಸರಿಲ್ಲವಲ್ಲ, ಆದ್ದರಿಂದ ಫಾರ್ಮ್ಯಾಟ್ ಜೆಪೆಗ್ ಎಂದು ನೀವೇ ಹೇಳಬೇಕು. ಲೂಪ್ ಬರೆಯುವುದು ಸುಲಭ. ಆದರೆ ಪ್ರತಿ ಸುತ್ತಿಗೂ ಅದೇ ಹಳೆಯ ಬೈಟ್ಸ್‌ಐಒ ಬಳಸಿದರೆ ಕೆಟ್ಟಿರಿ. ಸೀಕ್ ಮಾಡದಿದ್ದರೆ ಹೊಸ ಚಿತ್ರ ಹಳೆಯದರ ಬಾಲಕ್ಕೆ ಅಂಟಿ ಗಾತ್ರ ಬೆಳೆಯುತ್ತಾ ಹೋಗುತ್ತದೆ. ಸೀಕ್(0) ಮಾತ್ರ ಮಾಡಿದರೆ ಹೊಸದು ಮುಂದಿನ ಭಾಗದ ಮೇಲೆ ಕೂರುತ್ತದೆ, ಹಳೆಯದರ ಬಾಲ ಹಾಗೇ ಉಳಿಯುತ್ತದೆ. ಕ್ವಾಲಿಟಿ 40ಕ್ಕೆ ಇಳಿದರೂ ಗಾತ್ರ ಅಲ್ಲಾಡುವುದಿಲ್ಲ. ಚಿತ್ರ ತೆರೆದು ನೋಡಿದರೆ ಸರಿಯಾಗೇ ಕಾಣುತ್ತದೆ, ಅದಕ್ಕೇ ತಪ್ಪು ಗೊತ್ತಾಗುವುದಿಲ್ಲ. ಸೀಕ್ ಜತೆ ‘ಟ್ರಂಕೇಟ್’ ಹಾಕಿ ಬಾಲ ಕತ್ತರಿಸಬಹುದು. ನಾನು ಹೇಳುವುದು ಮಾತ್ರ ಒಂದೇ: ಪ್ರತಿ ಸುತ್ತಿಗೆ ಹೊಸ ಬೈಟ್ಸ್‌ಐಒ ಮಾಡಿಕೊಳ್ಳಿ. ಮೆಮೊರಿ ಉಳಿಸುತ್ತೇನೆಂದು ಇಲ್ಲಿ ಜಿಪುಣತನ ಬೇಡ, ಹಳೆಯದನ್ನು ಪೈಥಾನ್ ತಾನೇ ತೆರವು ಮಾಡುತ್ತದೆ.

ಹಂತ 4. ಸೀಕ್(0) ಮಾಡಿ ಕಳಿಸಿ. ಫ್ಲಾಸ್ಕ್‌ಗೆ ಡೌನ್‌ಲೋಡ್ ಹೆಸರು ಮತ್ತು ಫೈಲಿನ ಬಗೆ ಎರಡನ್ನೂ ತಿಳಿಸಿ. ಹಲವು ಫೋಟೋಗಳನ್ನು ಜಿಪ್ ಮಾಡಿ ಕೊಡುವುದಾದರೆ ಮೊದಲು ಜಿಪ್ ಕ್ಲೋಸ್ ಮಾಡಿ, ಆಮೇಲೆ ಓದಿ. ಒಳಗೇನಿದೆ ಎಂಬ ಪಟ್ಟಿಯನ್ನು ಜಿಪ್ ಕೊನೆಯಲ್ಲಿ, ಮುಚ್ಚುವಾಗ ಬರೆಯುತ್ತದೆ.

ಒಂದು ವಿಷಯ ಮುಚ್ಚಿಡಬಾರದು. ನಿಮ್ಮ ಕೋಡ್ ಡಿಸ್ಕಿಗೆ ಬರೆಯದಿದ್ದರೂ, ಅಪ್‌ಲೋಡ್ 500 ಕೆಬಿ ದಾಟಿದರೆ ಫ್ಲಾಸ್ಕ್ ಅದನ್ನು ಡಿಸ್ಕಿನ ತಾತ್ಕಾಲಿಕ ಫೈಲಿಗೆ ಹಾಕುತ್ತದೆ. ಕೆಲಸ ಮುಗಿದ ಮೇಲೆ ಅದೇ ಅಳಿಸುತ್ತದೆ. ಫ್ಲಾಸ್ಕ್‌ನಂಥದ್ದೇ ಇನ್ನೊಂದು ಸಾಧನ ಜಾಂಗೋದಲ್ಲಿ ಆ ಮಿತಿ 2.5 ಎಂಬಿ, ಸೆಟ್ಟಿಂಗ್‌ನಲ್ಲಿ ಬದಲಿಸಬಹುದು. ಮೆಮೊರಿ ಸಾಲದೆ ಹೋದರೆ ಆಪರೇಟಿಂಗ್ ಸಿಸ್ಟಂ ಕೂಡ ಸ್ವಲ್ಪ ಭಾಗವನ್ನು ಡಿಸ್ಕಿಗೆ ಸರಿಸುತ್ತದೆ. ಅಪ್‌ಲೋಡ್‌ಗೆ 10 ಎಂಬಿ ಮಿತಿ ಹಾಕಿ, ಹಂತ 2ರಲ್ಲಿ ಹೇಳಿದಂತೆ ಬೇಗ ಕುಗ್ಗಿಸಿ. ‘ರ‍್ಯಾಮ್ ಬೂಸ್ಟರ್’ ಎಂದು ಸಿಗುವ ತಂತ್ರಾಂಶಗಳನ್ನು ಹಾಕಲೇಬೇಡಿ. ಮೆಮೊರಿಯಲ್ಲಿದ್ದುದನ್ನು ಡಿಸ್ಕಿಗೆ ತಳ್ಳಿ ಜಾಗ ಖಾಲಿಯಾಯಿತು ಎಂದು ತೋರಿಸುವುದೇ ಅವುಗಳ ಕೆಲಸ. ಬಿಟ್ಟಿ ಫೋಟೋ ವೆಬ್‌ಸೈಟುಗಳಿಗೆ ಆಧಾರ್ ಹಾಕುವುದೂ ಬೇಡ, ಅದು ಯಾರ ಡಿಸ್ಕಿಗೆ ಹೋಯಿತೋ ನಿಮಗೆ ಗೊತ್ತಾಗುವುದಿಲ್ಲ.

ಕರೆಂಟ್ ಹೋದರೆ ಮೆಮೊರಿಯಲ್ಲಿದ್ದದ್ದು ಹೋಯಿತು. ಫೋಟೋ ಮತ್ತೆ ಹಾಕಬಹುದು, ಆದರೆ ಅರ್ಜಿ ಸಂಖ್ಯೆ, ಹಣ ಕಟ್ಟಿದ ರಸೀದಿ ಸುಮ್ನೆ ಡಿಸ್ಕಿನಲ್ಲೇ ಇರಲಿ.

ಹಂತ 5. ಕೇಂದ್ರಕ್ಕೆ ಕೊಡುವ ಮೊದಲು ಪರೀಕ್ಷೆ ಮಾಡಿ. ಫೋನಿನ ದೊಡ್ಡ ಫೋಟೋ, ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಎರಡನ್ನೂ ಹಾಕಿ. ಎರಡು ಬ್ರೌಸರಿನಿಂದ ಒಟ್ಟಿಗೆ ಬೇರೆ ಬೇರೆ ಮುಖ ಕಳಿಸಿ, ಯಾರದ್ದು ಯಾರಿಗೆ ಬಂತು ನೋಡಿ. ಬಂದ ಫೈಲಿನ ಗಾತ್ರ 50 ಕೆಬಿ ಒಳಗಿರಬೇಕು. ಪ್ರೋಗ್ರಾಂ ಇರುವ ಫೋಲ್ಡರಿನಲ್ಲಿ ಒಂದೂ ಹೊಸ ಫೈಲ್ ಇರಬಾರದು.