ರೋಬೋ ಕಾಳಗ: ಮೊದಲು ಪೆಟ್ಟಿಗೆ, ಆಮೇಲೆ ಆಯುಧ

ರಿಮೋಟಿನಿಂದ ಓಡಿಸುವ ಯಂತ್ರಗಳನ್ನು ಒಂದಕ್ಕೊಂದು ಕಾದಾಡಿಸುವ ರೋಬೋ ಕಾಳಗ ನಡೆಸಬೇಕು ಅಂತ ಬರುವ ಹುಡುಗರು ಮೊದಲು ತೋರಿಸುವುದು ಆಯುಧದ ಚಿತ್ರ. ನಾವು ಮೊದಲು ಕೇಳುವುದು ಆ ಕಾಳಗ ನಡೆಯುವ, ಸುತ್ತ ಗೋಡೆ ಕಟ್ಟಿ ಮುಚ್ಚಿದ ಪೆಟ್ಟಿಗೆಯ ಅಳತೆ. ಜಗತ್ತಿನಲ್ಲಿ ಈ ಆಟ ಎದ್ದದ್ದು ಆಯುಧದಿಂದ. ಜನರ ಕಣ್ಣಿಂದ ದೂರವಾದದ್ದರಲ್ಲಿ ಆ ಆಯುಧವನ್ನು ಒಳಗೆ ಹಿಡಿದಿಡುವ ಖರ್ಚಿನ ಪಾಲು ದೊಡ್ಡದು ಅನ್ನುವುದು ನಮ್ಮ ಲೆಕ್ಕ.

ಮಾರ್ಕ್ ಥಾರ್ಪ್ 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫೋರ್ಟ್ ಮೇಸನ್‌ನಲ್ಲಿ ಮೊದಲ 'ರೋಬೋಟ್ ವಾರ್ಸ್' ಕೂಟ ನಡೆಸಿದರು. ಮರುವರ್ಷ ಜೇಮೀ ಹೈನೆಮನ್ ತಂಡದ ಬ್ಲೆಂಡೋ ಎಂಬ ಯಂತ್ರ ಬಂತು. ಬಾಣಲೆ ಮಗುಚಿಟ್ಟಂಥ ಉಕ್ಕಿನ ಚಿಪ್ಪು, ಇಡೀ ಚಿಪ್ಪೇ ಗಿರಗಿರ ತಿರುಗುತ್ತಿತ್ತು. ಎದುರಾಳಿಯ ಚೂರುಗಳು ಗೋಡೆ ದಾಟಿ ಹಾರತೊಡಗಿದಾಗ ಸಂಘಟಕರು ಅದನ್ನು ಸ್ಪರ್ಧೆಯಿಂದಲೇ ಕೆಳಗಿಳಿಸಿದರು. ಮುಂದೆ ಏನಾಗಲಿದೆ ಎಂಬುದು ಆವತ್ತೇ ಕಂಡಿತ್ತು. ಥಾರ್ಪ್ ಮತ್ತು ಬಂಡವಾಳ ಹಾಕಿದವರ ನಡುವೆ ಕೋರ್ಟು ಕಚೇರಿ ಶುರುವಾಗಿ ಅಮೆರಿಕದ ಕೂಟ ನಿಂತಿತು. ಆಟ 1998ರಲ್ಲಿ ಬಿಬಿಸಿ 2 ವಾಹಿನಿಗೆ ಹೋಯಿತು. ಅಮೆರಿಕದಲ್ಲಿ 'ಬ್ಯಾಟಲ್‌ಬಾಟ್ಸ್' ಹೆಸರಲ್ಲಿ 2000ದಿಂದ 2002ರವರೆಗೆ ಕಾಮಿಡಿ ಸೆಂಟ್ರಲ್ ವಾಹಿನಿಯಲ್ಲಿ ಮೆರೆದು ಬಿತ್ತು. ಬಿಬಿಸಿ 2016ರಲ್ಲಿ ಮತ್ತೆ ಎಬ್ಬಿಸಿ 2018ಕ್ಕೆ ಕೈಬಿಟ್ಟಿತು. ಬ್ಯಾಟಲ್‌ಬಾಟ್ಸ್ 2015ರಲ್ಲಿ ಎಬಿಸಿಗೆ, 2018ರಲ್ಲಿ ಡಿಸ್ಕವರಿಗೆ ಬಂತು.

ನಮ್ಮ ದೇಶದಲ್ಲಿ ಇದು ಟಿವಿಗಿಂತ ಕಾಲೇಜು ಫೆಸ್ಟುಗಳಲ್ಲಿ ಬೆಳೆದ ಆಟ. ಮುಂಬೈ ಐಐಟಿಯ ಟೆಕ್‌ಫೆಸ್ಟ್ ನೋಡಿ ಬಂದವರು ಊರೂರಲ್ಲಿ ಶುರುಮಾಡಿದರು. ಆಗಿನ ಯಂತ್ರಗಳಿಗೆ ಉದ್ದ ವೈರು, ಕೈಯಲ್ಲಿ ಡಿಪಿಡಿಟಿ ಸ್ವಿಚ್ಚು (ಮೋಟಾರನ್ನು ಹಿಂದೆ ಮುಂದೆ ತಿರುಗಿಸುವ ಸ್ವಿಚ್ಚು) ಜೋಡಿಸಿದ ಡಬ್ಬ, ಹಿಂದೆ ವೈರು ಎತ್ತಿ ಹಿಡಿಯಲು ಇನ್ನೊಬ್ಬ. ಆಯುಧ ನಿಧಾನ, ಜನ ಹತ್ತಿರ ನಿಲ್ಲಬಹುದಿತ್ತು. ಬ್ರಷ್‌ಲೆಸ್ ಮೋಟಾರು (ಒಳಗೆ ಉಜ್ಜುವ ಬ್ರಷ್ ಇಲ್ಲದ್ದು), ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಅಗ್ಗವಾದ ಮೇಲೆ ಆ ಕಾಲ ಮುಗಿಯಿತು.

ಯಾಕೆ ಅನ್ನುವುದಕ್ಕೆ ಸ್ವಲ್ಪ ಗಣಿತ ಬೇಕು. 15 ಕೆಜಿ ವರ್ಗದ ಯಂತ್ರದಲ್ಲಿ 3 ಕೆಜಿ ತೂಕದ, 20 ಸೆಂ.ಮೀ ವ್ಯಾಸದ ಡಿಸ್ಕು ನಿಮಿಷಕ್ಕೆ 6,000 ಸುತ್ತು ತಿರುಗಿದರೆ ಅದರಲ್ಲಿ ಕೂಡಿಟ್ಟ ಶಕ್ತಿ ಸುಮಾರು 3,000 ಜೌಲ್. 15 ಕೆಜಿಯ ಯಂತ್ರವನ್ನೇ 20 ಮೀಟರ್ ಎತ್ತರಕ್ಕೆ ಎಸೆಯಲು ಬೇಕಾಗುವಷ್ಟು! ಅಂಚಿನ ವೇಗ ಗಂಟೆಗೆ 225 ಕಿ.ಮೀ ದಾಟುತ್ತದೆ. ಸುತ್ತು ಅರ್ಧಕ್ಕಿಳಿಸಿದರೆ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ಗೆಲ್ಲಲು ಬಂದವರು ಯಾರು ಇಳಿಸುತ್ತಾರೆ? ಕಾಲೇಜು ಮೈದಾನದಲ್ಲಿ ಕಬ್ಬಿಣದ ಜಾಲರಿ ಕಟ್ಟಿ ಇಂಥದ್ದನ್ನು ಆಡಿಸುವುದನ್ನು ನಾವು ಒಪ್ಪುವುದಿಲ್ಲ. ಮುರಿದ ಬೋಲ್ಟಿನ ತಲೆಗೆ ಜಾಲರಿಯ ಕಣ್ಣು ಧಾರಾಳ ಸಾಕು.

ಹಾಗಾಗಿ ಶಿವಮೊಗ್ಗದಂಥ ಊರಿಗೆ ನಮ್ಮ ಸಲಹೆ ಒಂದೇ: 1.5 ಕೆಜಿ ವರ್ಗ. 350 ಗ್ರಾಂ ತೂಕದ, 18 ಸೆಂ.ಮೀ ಉದ್ದದ ಉಕ್ಕಿನ ಪಟ್ಟಿ ಆಯುಧವಾದರೆ 8,000 ಸುತ್ತಿನಲ್ಲಿ ಸುಮಾರು 330 ಜೌಲ್. ಮೇಲಿನದರ ಒಂಬತ್ತನೇ ಒಂದು ಪಾಲು. ನೋಡುವವರಿಗೆ ಕಿಡಿ, ಸದ್ದು ಯಾವುದಕ್ಕೂ ಕೊರತೆಯಿಲ್ಲ.

ಪೆಟ್ಟಿಗೆ 8 ಅಡಿ ಚೌಕ. 8×4 ಅಡಿಯ ಪಾಲಿಕಾರ್ಬೊನೇಟ್ (ಸುಲಭಕ್ಕೆ ಒಡೆಯದ ಪಾರದರ್ಶಕ ಪ್ಲಾಸ್ಟಿಕ್) ಹಾಳೆ ಗೋಡೆಗೆ ನಾಲ್ಕು, ಮೇಲ್ಮುಚ್ಚಿಗೆಗೆ ಎರಡು. ನಾವು 10 ಮಿ.ಮೀ ದಪ್ಪದ್ದೇ ಹಾಕುವುದು, ಒಂದೊಂದು 36 ಕೆಜಿ ತೂಗುತ್ತದೆ. ಮಳೆಗಾಲಕ್ಕೆ ಮನೆ ಮುಂದಿನ ಮಾಡಿಗೆ ಹಾಕುವ ಪೊಳ್ಳು ಹಾಳೆಯೂ ಅದೇ ಹೆಸರಲ್ಲಿ ಸಿಗುತ್ತದೆ. ಅದು ಬೇಡ, ಗಟ್ಟಿ ಹಾಳೆಯೇ ಬೇಕು. ಆಕ್ರಿಲಿಕ್ ಅಂತೂ ಬೇಡವೇ ಬೇಡ, ಗಾಜಿನಂತೆ ಚೂರಾಗುತ್ತದೆ. ಚೌಕಟ್ಟಿಗೆ 40 ಮಿ.ಮೀ ಚೌಕ ಪೈಪು. ಹಾಳೆಯ ತೂತನ್ನು ಬೋಲ್ಟಿಗಿಂತ 3 ಮಿ.ಮೀ ದೊಡ್ಡದು ಕೊರೆದು ಅಗಲ ವಾಷರ್ ಹಾಕಿ. ಬಿಸಿಲಿಗೆ ಹಾಳೆ ಹಿಗ್ಗುತ್ತದೆ, ತೂತು ಬಿಗಿಯಾಗಿದ್ದರೆ ಅಲ್ಲಿಂದಲೇ ಬಿರುಕು ಏಳುತ್ತದೆ. ಒಳಗಡೆ ಗೋಡೆಯ ಬುಡಕ್ಕೆ 15 ಸೆಂ.ಮೀ ಎತ್ತರದ ಮರದ ತಡೆ ಇಟ್ಟರೆ ಯಂತ್ರ ನೇರ ಹಾಳೆಗೆ ಗುದ್ದುವುದಿಲ್ಲ.

ನೆಲದ ವಿಷಯಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಅರ್ಧ ಪಂದ್ಯಗಳು ಕೆಡುವುದು ಅಲ್ಲೇ. ಮಾಮೂಲಿ ಪ್ಲೈವುಡ್ ನಮ್ಮ ಶೀತಕ್ಕೆ ಉಬ್ಬಿ, ಮೇಲಿನ ತಗಡಿನ ಅಂಚು ಏಳುತ್ತದೆ. ನೆಲಕ್ಕಂಟಿ ಓಡುವ ಯಂತ್ರದ ಮೂತಿ ಆ ಅಂಚಿಗೆ ಸಿಕ್ಕಿಕೊಂಡರೆ ಪಂದ್ಯ ಮುಗಿಯಿತು. ನೀರು ತಡೆಯುವ 18 ಮಿ.ಮೀ ಪ್ಲೈವುಡ್, ಮೇಲೆ 3 ಮಿ.ಮೀ ಎಂಎಸ್ (ಮೈಲ್ಡ್ ಸ್ಟೀಲ್) ಶೀಟು ಎರಡು. ಒಂದೊಂದು 70 ಕೆಜಿ, ಎತ್ತಲು ನಾಲ್ಕು ಜನ ಬೇಕು. ನಡುವೆ ಒಂದೇ ಸಂದು ಬರುತ್ತದೆ, ಅದನ್ನು ಗ್ರೈಂಡರ್ ಹಿಡಿದು ಸಮ ಮಾಡಿ.

ಇನ್ನು ಯಂತ್ರ. ತೂಕವನ್ನು ನಾವು ಹೀಗೆ ಹಂಚುತ್ತೇವೆ: ಆಯುಧ, ಅದರ ಮೋಟಾರು, ಶಾಫ್ಟು ಎಲ್ಲ ಸೇರಿ 510 ಗ್ರಾಂ, ಓಡಿಸುವ ಎರಡು ಗೇರ್ ಮೋಟಾರು, ಚಕ್ರ 230, ಬ್ಯಾಟರಿ 90, ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟು), ರಿಸೀವರ್, ವೈರಿಂಗ್ 110, ಮೈಕಟ್ಟು 400, ಮೂತಿಯ ಉಕ್ಕು 120. ಉಳಿದ 40 ಗ್ರಾಂ ಮೀಸಲು. ಕೊನೇ ಗಳಿಗೆಯ ಸೋಲ್ಡರು, ಟೇಪು, ನಟ್ಟು ಅದನ್ನು ತಿಂದುಬಿಡುತ್ತವೆ. ಮೈಕಟ್ಟಿಗೆ 12 ಮಿ.ಮೀ ಎಚ್‌ಡಿಪಿಇ ಪ್ಲಾಸ್ಟಿಕ್ ಒಳ್ಳೆಯದು. ಪಾತ್ರೆ ಅಂಗಡಿಯ ದಪ್ಪ ತರಕಾರಿ ಹೆಚ್ಚುವ ಹಲಗೆ ಎಷ್ಟೋ ಸಲ ಅದೇ ಆಗಿರುತ್ತದೆ. ಪೆಟ್ಟು ತಿಂದರೆ ತಗ್ಗು ಬೀಳುತ್ತದೆ, ಸೀಳುವುದಿಲ್ಲ.

ಆಯುಧದ ಪಟ್ಟಿಗೆ ಗುಜರಿಯ ಪಾಟಾ (ಲಾರಿಯ ಅಡಿಯ ಸ್ಪ್ರಿಂಗ್ ಪಟ್ಟಿ) ಸಾಕು. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಲಾರಿ ರಿಪೇರಿಯವರಲ್ಲಿ ಕೇಳಿದರೆ ಸಿಗುತ್ತದೆ. ಹಳೇ ಪಾಟಾದಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಸೀಮೆಎಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು ಮೈ ಒಣಗುವಂತೆ ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿ. ಬಿರುಕಿದ್ದಲ್ಲಿ ಎಣ್ಣೆ ಜಿನುಗಿ ಗೆರೆ ಮೂಡುತ್ತದೆ, ಆ ತುಂಡು ಬಿಸಾಕಿ. ಹಾಗೇ ಡ್ರಿಲ್ ಹಾಕಿದರೆ ಬಿಟ್ ಹೋಗುತ್ತದೆ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ರಾತ್ರಿಯಿಡೀ ಬೂದಿಯಲ್ಲಿ ಹೂತರೆ ಮೆತ್ತಗಾಗುತ್ತದೆ. ಕೊರೆದು, ಉಜ್ಜಿ, ಸಮತೂಕ ನೋಡಿದ ಮೇಲೆ ಮತ್ತೆ ಕಾಯಿಸಬೇಕು: ಅಯಸ್ಕಾಂತ ಅಂಟದ ಹಂತ ದಾಟಿ ಇನ್ನೊಂದು ಚೂರು, ತಕ್ಷಣ ಎಣ್ಣೆಗೆ. ಇಲ್ಲಿಗೆ ಬಿಟ್ಟರೆ ಮೊದಲ ಹೊಡೆತಕ್ಕೆ ತುಂಡಾಗುತ್ತದೆ. ಮೈ ಉಜ್ಜಿ ಹೊಳಪು ಮಾಡಿ ಮತ್ತೆ ನಿಧಾನ ಕಾಯಿಸಿ, ನೀಲಿ ಬಣ್ಣ ದಾಟಿ ಬೂದುಬಣ್ಣಕ್ಕೆ ತಿರುಗುವಾಗ ಇಳಿಸಿ. ಮಲೆನಾಡಿನಲ್ಲಿ ಕತ್ತಿ ಹದ ಮಾಡುವ ಕಮ್ಮಾರರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಕತ್ತಿಯ ಹದ ಬೇಡ, ಅದಕ್ಕಿಂತ ಮೆತ್ತಗಿರಲಿ ಅಂತ ಮಾತ್ರ ಹೇಳಿ. ಪಾಟಾಕ್ಕೆ ವೆಲ್ಡಿಂಗ್ ಮಾಡಬೇಡಿ, ಬೆಸುಗೆಯ ಪಕ್ಕದಲ್ಲೇ ಸೀಳುತ್ತದೆ; ಬೋಲ್ಟೇ ಸರಿ. ಅಡಿಕೆ ಸುಗ್ಗಿಯಲ್ಲಿ ಲೇತ್ ಅಂಗಡಿಗಳಿಗೆ ಸುಲಿಯುವ ಯಂತ್ರಗಳ ರಿಪೇರಿಯೇ ಹೊರೆ, ಶಾಫ್ಟಿನ ಕೆಲಸ ಅದಕ್ಕೆ ಮೊದಲೇ ಮುಗಿಸಿ.

ವೇಗ ಹೆಚ್ಚಿದಷ್ಟೂ ಪೆಟ್ಟು ಜೋರು ಅನ್ನುವುದು ಅರ್ಧ ಸತ್ಯ. 8,000 ಸುತ್ತಿನಲ್ಲಿ ತಿರುಗುವ ಎರಡು ತುದಿಯ ಪಟ್ಟಿಗೆ, ಎದುರಾಳಿ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹತ್ತಿರ ಬಂದರೂ, ಒಂದು ತುದಿ ದಾಟಿ ಇನ್ನೊಂದು ಬರುವಷ್ಟರಲ್ಲಿ ಕಚ್ಚಲು ಸಿಗುವುದು 11 ಮಿ.ಮೀ ಮಾತ್ರ. ಒಂದೇ ಹಲ್ಲಿದ್ದರೆ 22. ಅದಕ್ಕೇ ಅನುಭವಿಗಳು ಒಂದು ಕಡೆ ಹಲ್ಲು, ಇನ್ನೊಂದು ಕಡೆ ಬರೀ ತೂಕ ಇಡುತ್ತಾರೆ. ಮೋಟಾರಿನಿಂದ ಆಯುಧ ತಿರುಗಿಸುವ ಬೆಲ್ಟಿಗೆ ಹಲ್ಲು ಬೇಡ, ಪೆಟ್ಟು ಬಿದ್ದಾಗ ಜಾರುವ ವಿ-ಬೆಲ್ಟು ಅಥವಾ ದುಂಡು ಬೆಲ್ಟೇ ಮೋಟಾರನ್ನು ಕಾಯುತ್ತದೆ. ಬ್ರಷ್‌ಲೆಸ್ ಮೋಟಾರನ್ನು ಗ್ರೈಂಡರ್ ಹತ್ತಿರ ಬಿಚ್ಚಿಡಬೇಡಿ, ಒಳಗಿನ ಅಯಸ್ಕಾಂತ ಕಬ್ಬಿಣದ ಪುಡಿ ಎಳೆದುಕೊಳ್ಳುತ್ತದೆ.

3 ಸೆಲ್‌ನ 1,000 ಎಂಎಎಚ್ ಲಿಪೋ ಮೂರು ನಿಮಿಷದ ಪಂದ್ಯಕ್ಕೆ ಸಾಕು. ಸೆಲ್‌ಗೆ 3.5 ವೋಲ್ಟ್‌ಗಿಂತ ಕೆಳಗೆ ಇಳಿಸಬೇಡಿ, ಎತ್ತಿಡುವಾಗ 3.8. ಕರೆಂಟು ಹೋದರೆ 12 ವೋಲ್ಟಿನ ಕಾರ್ ಬ್ಯಾಟರಿಯಿಂದ ನಡೆಯುವ ಚಾರ್ಜರ್ ಇರಲಿ, ಪಕ್ಕದಲ್ಲಿ ಮರಳಿನ ಬಕೆಟ್ಟು. ಚಕ್ರ ಮೇಲೆತ್ತಿ ಸ್ಟ್ಯಾಂಡಿನ ಮೇಲಿಟ್ಟು, ಆಯುಧವನ್ನು ಪೆಟ್ಟಿಗೆಯೊಳಗೇ ನಿಧಾನ ತಿರುಗಿಸಿ, ಟ್ರಾನ್ಸ್‌ಮಿಟರ್ ಆರಿಸಿದಾಗ ಎಲ್ಲವೂ ನಿಲ್ಲಬೇಕು. ನಿಲ್ಲದ ಯಂತ್ರವನ್ನು ನಾವು ಆಡಿಸುವುದಿಲ್ಲ, ಯಾರ ಶಿಫಾರಸು ಬಂದರೂ ಸರಿ.

ನೋಡುವವರನ್ನು ಕಳೆದುಕೊಳ್ಳುವುದು ಪಂದ್ಯಗಳ ನಡುವಿನ ಹೊತ್ತಿನಲ್ಲಿ. ಇಪ್ಪತ್ತು ಸೆಕೆಂಡಿನಲ್ಲಿ ಮುಗಿದ ಜಗಳದ ಹಿಂದೆ ಇಪ್ಪತ್ತು ನಿಮಿಷದ ರಿಪೇರಿ ಇರುತ್ತದೆ. ಟಿವಿಯವರು ಅದನ್ನು ಕತ್ತರಿಸಿದರು, ಮೈದಾನದಲ್ಲಿ ಕತ್ತರಿಸಲಾಗದು. ಎಂಟು ಯಂತ್ರ, ಎರಡು ಸೋಲಿಗೆ ಹೊರಗೆ ಅನ್ನುವ ನಿಯಮವಾದರೆ 14 ಅಥವಾ 15 ಪಂದ್ಯ. ಒಂದಕ್ಕೆ ಹತ್ತು ನಿಮಿಷ ಹಿಡಿದರೆ ಎರಡೂವರೆ ಗಂಟೆ. ರಿಪೇರಿ ಮೇಜನ್ನು ಹಿಂದೆ ಅಡಗಿಸದೆ ಜನರೆದುರೇ ಇಡಿ. ಏನು ಮುರಿಯಿತು, ಯಾಕೆ ಮುರಿಯಿತು ಅಂತ ಮೈಕಿನಲ್ಲಿ ಕನ್ನಡದಲ್ಲಿ ಹೇಳುವ ಒಬ್ಬರಿದ್ದರೆ ಜನ ಏಳುವುದಿಲ್ಲ. ಬಿದ್ದ ಗೇರಿನ ಹಲ್ಲನ್ನು ಮಕ್ಕಳ ಕೈಗೆ ಕೊಟ್ಟು ನೋಡಿ.

ಮುಗಿದ ಮೇಲೆ ಹಾಳೆಗಳನ್ನು ಸೋಪು ನೀರಲ್ಲೇ ಒರೆಸಿ. ಥಿನ್ನರ್, ಪೆಟ್ರೋಲ್ ತಾಗಿದರೆ ಪಾಲಿಕಾರ್ಬೊನೇಟಿನಲ್ಲಿ ಜೇಡರ ಬಲೆಯಂಥ ಸೀಳು ಮೂಡಿ ಬಲವೇ ಹೋಗುತ್ತದೆ. ನಕ್ಷತ್ರದಂತೆ ಬಿರುಕು ಬಿಟ್ಟ ಹಾಳೆ ತೆಗೆದು ಬೇರೆ ಹಾಕಿ, ಟೇಪು ಅಂಟಿಸಿ ಮುಂದಿನ ವರ್ಷ ನೋಡೋಣ ಅನ್ನಬೇಡಿ. ಎಂಎಸ್ ಶೀಟಿಗೆ ಮೇ ತಿಂಗಳಲ್ಲೇ ಗ್ರೀಸು ಬಳಿದಿಡಿ.